ಸೆಕೆಂಡಿನ ಮುಳ್ಳಿಲ್ಲದ ಗಡಿಯಾರ

ಗಡಿಯಾರದ ಗಾಜು ಬಿಚ್ಚಿದ ಮೇಲೆ ಬಂದೇನವಾಜ್ ಮೊದಲು ಮಾಡಿದ ಕೆಲಸವೆಂದರೆ ಅದರ ಕೆಂಪು ಸೆಕೆಂಡಿನ ಮುಳ್ಳನ್ನು ಚಿಮಟದಲ್ಲಿ ಹಿಡಿದು ಕಿತ್ತದ್ದು.

"ಅದ್ಯಾಕ ಕಿತ್ತಿ?" ಎಂದು ಕೇಳಿದೆ.

"ಲಾರಿ ಕುಲುಕಾಟಕ್ಕ ಈ ಸಣ್ಣ ಮುಳ್ಳು ತಡ್ಯಂಗಿಲ್ಲ ಅಯ್ಯಪ್ಪಣ್ಣ. ಮುರಿದು ಒಳಗ ಬಿದ್ರ ದೊಡ್ಡ ಮುಳ್ಳೂ ನಿಂದರ್ತಾವ. ನಿನಗೇನು ಸೆಕೆಂಡ್ ಎಣಸೋದದ? ನೀನೇನು ರೈಲು ಬಿಡ್ತೀಯೇನು?"

ನಾನು ನಕ್ಕೆ. ಅವನು ನಗಲಿಲ್ಲ. ಮುಳ್ಳನ್ನು ಹಳೆಯ ನಶ್ಯದ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ.

ಮಾನ್ವಿ ಬಸ್ ಸ್ಟ್ಯಾಂಡಿನ ಎದುರಿಗೆ ಅವನ ರೇಡಿಯೋ ರಿಪೇರಿ ಅಂಗಡಿ. ಅದರ ಮುಂದೆ ಲಾರಿ ನಿಲ್ಲಿಸಿದ್ದೆ. ಎಂಬತ್ಮೂರನೇ ಇಸವಿ, ಹತ್ತಿಯ ಹಂಗಾಮು. ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಿಂದ ರಾಯಚೂರಿನ ಸಾವಕಾರರೊಬ್ಬರ ಜಿನ್ನಿಗೆ, ಅಂದರೆ ಹತ್ತಿಯ ಬೀಜ ಬಿಡಿಸುವ ಗಿರಣಿಗೆ, ಹತ್ತಿ ಹೊರುವುದು ನನ್ನ ಕೆಲಸ. ಹನ್ನೊಂದು ವರ್ಷ ಅದೇ ಲಾರಿ, ಅದೇ ಸೀಟು. ಸೀಟಿನ ಸ್ಪಂಜು ನನ್ನ ಮೈಯ ಅಳತೆಗೆ ಇಳಿದಿತ್ತು. ಆ ಸೀಟಿನ ಮೇಲೆ ಕೂತೇ ಮಗಳು ಯಮನಮ್ಮನನ್ನು ಒಂಬತ್ತನೇ ಇಯತ್ತೆಯವರೆಗೆ ತಂದಿದ್ದೆ. ಆ ಸೀಟೊಂದು ಇದ್ದರೆ ಉಳಿದದ್ದು ಹೇಗೋ ನಡೆಯುತ್ತದೆ ಎಂದು ನಾನೂ ಹೆಂಡತಿ ಬಸ್ಸಮ್ಮನೂ ನಂಬಿದ್ದೆವು.

ಹಿಂದಿನ ದಿನ ಸಾವಕಾರರು ಕರೆಸಿದ್ದರು. "ಅಯ್ಯಪ್ಪ, ಹನ್ನೊಂದು ವರ್ಷ ದುಡದೀ, ನಿನಗಂತ ಏನೂ ಕೊಟ್ಟಿಲ್ಲ. ನಿನ್ನ ಗಾಡ್ಯಾಗ ಒಂದು ಗಡಿಯಾರ ಕೂಡಸಾಕ ಹೇಳೀನಿ. ನಾಳಿ ಮಾನ್ವಿಗೆ ಹೋದಾಗ ಬಂದೇನವಾಜನ ಅಂಗಡಿ ಮುಂದ ಅರ್ಧ ದಿನ ಗಾಡಿ ನಿಲ್ಸು."

"ಗಡಿಯಾರ ಯಾಕ್ರಿ ಧಣಿ. ಕಿಲೋಮೀಟರಿಂದು ಕೇಬಲ್ ಕಡದು ಎರಡು ವರ್ಷಾತು, ಅದನ್ನ ಹಾಕಿಸಿಕೊಟ್ರ ಸಾಕಾಗಿತ್ರಿ."

"ಕೇಬಲ್ ಹಾಕಿದ್ರ ಮತ್ತ ಕಡೀತದ" ಎಂದರು ಸಾವಕಾರರು, ನನ್ನ ಮುಖ ನೋಡುತ್ತ. ನಾನು ಹೌದೆಂದು ತಲೆಯಾಡಿಸಿದೆ. ನಮ್ಮ ರಸ್ತೆಗಳನ್ನು ಬೈಯುತ್ತಿದ್ದಾರೆ ಎಂದುಕೊಂಡೆ.

ಬಂದೇನವಾಜನಿಗೂ ನನಗೂ ಹತ್ತು ವರ್ಷದ ಒಡನಾಟ. ಅವನು ಒಂದು ಗೋಣಿ ಹಾಸಿಕೊಂಡು ಕೂತ ದಿನಗಳಲ್ಲಿ ರಾಯಚೂರಿನಿಂದ ಅವನ ವಾಲ್ವು, ಕಂಡೆನ್ಸರುಗಳನ್ನು ತಂದುಕೊಡುತ್ತಿದ್ದವನು ನಾನು. ಅಂಗಡಿಯ ಬೋರ್ಡೂ ನನ್ನ ಲಾರಿಯ ಹಳೆಯ ಹಿಂಬಾಗಿಲ ಹಲಗೆಯೇ. 'ಬಂದೇನವಾಜ್ ರೇಡಿಯೋ ರಿಪೇರಿ' ಎಂಬ ಅಕ್ಷರಗಳ ಅಡಿಯಲ್ಲಿ 'ಹಾರ್ನ್ ಮಾಡಿರಿ' ಎಂಬುದು ಬಿಸಿಲು ಓರೆಯಾದಾಗ ಇನ್ನೂ ಕಾಣುತ್ತಿತ್ತು. ವಾರಕ್ಕೆ ಮೂರು ಸಲವಾದರೂ ಅವನ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ. ಯಮನಮ್ಮನಿಗೆ ಅವನು ಬಂದೇನವಾಜ್ ಕಾಕಾ.

ಆದ್ದರಿಂದ ಆ ದಿನ ನಾನು ಸುಮ್ಮನೆ ಕೂರಲಿಲ್ಲ. ಡ್ಯಾಶ್‌ಬೋರ್ಡಿನ ತಗಡು ಅಲುಗದಂತೆ ಎರಡೂ ಕೈಯಲ್ಲಿ ಒತ್ತಿ ಹಿಡಿದೆ, ಅವನು ತೂತು ಕೊರೆದ. ಸೀಟಿನ ಮೇಲೆ ಅಂಗಾತ ಮಲಗಿ ಕೆಳಗಿನಿಂದ ವೈರ್ ಎಳೆದುಕೊಟ್ಟೆ. ಅಂಗೈ ಅಗಲದ, ಸೆಲ್ಲು ಹಾಕುವ ಗಡಿಯಾರ. ಅವನು ಸೆಲ್ಲು ತೆಗೆದು ಆ ಜಾಗದಲ್ಲಿ ಅಕ್ಕಿಕಾಳಿನಷ್ಟು ಗಾತ್ರದ ಎರಡು ಮೂರು ಸಾಮಾನು ಬೆಸುಗೆ ಹಾಕಿದ.

"ಲಾರಿ ಕರೆಂಟು ಹನ್ನೆರಡು ವೋಲ್ಟ್. ಇದಕ್ಕ ಬೇಕಾಗಿದ್ದು ಒಂದೂವರಿ. ಹಂಗೇ ಕೊಟ್ರ ಸುಟ್ಟು ಕರಕಾಗ್ತದ. ಇವು ನಡುವ ನಿಂತು ಕಡಿಮಿ ಮಾಡಿ ಕೊಡ್ತಾವ" ಎಂದ. ಕೆಲಸದ ವಿಷಯ ಬಂದರೆ ಅವನಿಗೆ ಮಾತು ಬರುತ್ತಿತ್ತು.

ಆಮೇಲೆ ಹಳದಿ ವೈರೊಂದನ್ನು ಎಂಜಿನ್ ಕಡೆಗೆ ಬಿಟ್ಟು ಡೈನಮೊಕ್ಕೆ ಕಟ್ಟತೊಡಗಿದ.

"ಬ್ಯಾಟ್ರಿ ವೈರು ಇಲ್ಲೇ ಕೈಗೆ ಸಿಗ್ತದಲ್ಲ. ಅಷ್ಟು ದೂರ ಡೈನಮೊಕ್ಕ ಯಾಕ ಎಳೀತಿ?"

"ಸ್ಟೇರಿಂಗ್ ತಿರುವೋದು ನಿನಗ ಗೊತ್ತದ. ವೈರ್ ಎಳಿಯೋದು ನನಗ ಬಿಡಪ್ಪ."

ಬಿಟ್ಟೆ. ಒಂದು ಮಾತ್ರ ಹಟ ಮಾಡಿ ಕೇಳಿದೆ. ಗಡಿಯಾರದ ಬೆನ್ನಿಗೆ ಮುಳ್ಳು ತಿರುಗಿಸುವ ತಿರುಪು ಇರುತ್ತದಲ್ಲ, ಅದು ಡ್ಯಾಶ್‌ಬೋರ್ಡಿನ ಕೆಳಗಿಂದ ನನ್ನ ಬೆರಳಿಗೆ ಸಿಗುವಂತಿರಲಿ ಎಂದೆ.

"ಬೇಕಾಗಂಗಿಲ್ಲ" ಎಂದ.

"ಗಡಿಯಾರ ಅಂದಮ್ಯಾಲ ಒಂದಿಲ್ಲೊಂದಿನ ತಿರುವಬೇಕಾಗ್ತದ. ನಿಮ್ಮವ್ವ ಬಡೇಬೀ ಮಗ್ಗಲ್ದಾಗಿನ ಗಡಿಯಾರಕ್ಕ ದಿನಾ ಕೀಲಿ ಕೊಡಂಗಿಲ್ಲೇನು?"

ಅವನು ತೂತಿನೊಳಗೆ ನೋಡಿದ. ಬೇಡ ಎನ್ನಲು ಕಾರಣ ಸಿಗಲಿಲ್ಲವೆಂದು ಈಗ ತಿಳಿಯುತ್ತದೆ. ತಗಡನ್ನು ಇನ್ನೆರಡು ಬೆರಳಷ್ಟು ಅಗಲವಾಗಿ ಕತ್ತರಿಸಿದ.

ನೀರಮಾನ್ವಿ ದಾಟುವಾಗ ಅಲ್ಲಿನ ಗುಡಿಯ ಯಲ್ಲಮ್ಮನಿಗೆ ಎರಡು ಹಾರ್ನ್ ಹೊಡೆಯುವುದು ನನ್ನ ರೂಢಿ. ಅಂದು ನಾಲ್ಕು ಹೊಡೆದೆ.

ಯಮನಮ್ಮ ಗಡಿಯಾರ ನೋಡಲು ಓಣಿಯ ಗೆಳತಿಯರನ್ನೆಲ್ಲ ಕರೆತಂದು ಲಾರಿ ಹತ್ತಿಸಿದಳು. ಲಾರಿ ರಾತ್ರಿ ರಾಯಚೂರಿನ ನಮ್ಮ ಮನೆಯ ಮುಂದೆಯೇ ನಿಲ್ಲುತ್ತಿತ್ತು. ಮರುದಿನ ಬೆಳಿಗ್ಗೆ ಏಳಕ್ಕೆ ಜಿನ್ನಿನ ಭೋಂಗಾ ಕೂಗಿದಾಗ ಗಡಿಯಾರದಲ್ಲಿ ಇನ್ನೂ ಹಿಂದಿನ ಸಂಜೆಯ ಆರೂ ಹತ್ತು. ಭೋಂಗಾಕ್ಕೆ ಸರಿಯಾಗಿ ಮುಳ್ಳು ತಿರುಗಿಸಿ ಇಟ್ಟೆ. ಆ ದಿನ ಮಸರಕಲ್ಲಿನಲ್ಲಿ ಹತ್ತಿ ತುಂಬುವಷ್ಟರಲ್ಲಿ ಗಡಿಯಾರ ಮತ್ತೆ ಮೂರು ತಾಸು ಹಿಂದೆ ಬಿದ್ದಿತ್ತು.

ಹೀಗೇ ದಿನಾ. ಓಡುವಾಗ ಸರಿಯಾಗಿರುತ್ತಿತ್ತು ಎಂಬುದು ನನ್ನ ಗಮನಕ್ಕೆ ಬರಲಿಲ್ಲ, ಓಡುವಾಗ ನನ್ನ ಕಣ್ಣು ರಸ್ತೆಯ ಮೇಲೆ. ನಿಂತಾಗ ಕೆಳಗಿಳಿದು ಹಮಾಲರ ಜೊತೆ ಇರುತ್ತಿದ್ದೆ. ಸೆಕೆಂಡಿನ ಮುಳ್ಳೊಂದಿದ್ದರೆ ಒಂದು ಸಲವಾದರೂ ನಿಂತದ್ದು ಕಾಣುತ್ತಿತ್ತು.

ಸಂಜೆ ಲಾರಿ ಜಿನ್ನಿನ ಅಂಗಳಕ್ಕೆ ಬಂದರೆ ಗುಮಾಸ್ತರು ಬಾಗಿಲು ತೆಗೆದು ಮೇಲೇರಿ, "ಎಷ್ಟಾತು ನೋಡೋಣು" ಎಂದು ಗಡಿಯಾರ ನೋಡಿ ಇಳಿಯುತ್ತಿದ್ದರು. ಅವರ ಕೈಯಲ್ಲಿ ವಾಚಿತ್ತು. ಸಾವಕಾರರು ಕೊಟ್ಟದ್ದನ್ನು ಎಲ್ಲರೂ ಹೊಗಳಬೇಕೆಂದು ನೋಡುತ್ತಾರೆ ಎಂದುಕೊಂಡೆ. ಕೊಟ್ಟವರ ಎದುರಿಗೆ ಕೊಟ್ಟ ವಸ್ತುವಿನ ಐಬು ತೋರಿಸಬಾರದು, ನಮ್ಮಲ್ಲಿ ಅದೊಂದು ಮರ್ಯಾದೆ. ಆದ್ದರಿಂದ ಅಂಗಳ ಇನ್ನೂ ಒಂದು ಫರ್ಲಾಂಗು ಇರುವಾಗಲೇ ಲಾರಿ ಬದಿಗೆ ಹಾಕಿ, ಚಹಾದಂಗಡಿಯಲ್ಲಿ ವೇಳೆ ಕೇಳಿ, ಮುಳ್ಳು ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದೆ. ಗುಮಾಸ್ತರಿಗೆ ಒಂದು ದಿನವೂ ತಪ್ಪು ವೇಳೆ ಕಾಣಲಿಲ್ಲ.

"ಮಂದಿ ಗಡಿಯಾರಕ್ಕ ನೀವ್ಯಾಕ ಇಷ್ಟು ಬಡದಾಡ್ತೀರಿ? ಕೆಟ್ಟದ ಅಂತ ಹೇಳಿಬಿಡ್ರಿ" ಎಂದಳು ಬಸ್ಸಮ್ಮ.

"ಕೊಟ್ಟು ಎಂಟು ದಿನ ಆಗಿಲ್ಲ, ಕೆಟ್ಟದ ಅಂದ್ರ ಅವರು ಏನಂದ್ಕೊಂತಾರ?"

ಸಾವಕಾರರಿಗೆ ಹೇಳಲಿಲ್ಲ. ಬಂದೇನವಾಜನಿಗೆ ಹೇಳಿದೆ. ಒಂದಲ್ಲ, ನಾಲ್ಕು ಸಲ. ಮೊದಲ ಸಲ ಹೇಳಿದಾಗ ಅವನು ಒಂದು ರೇಡಿಯೋದ ಬೆನ್ನು ಬಿಚ್ಚಿಕೊಂಡು ಕೂತಿದ್ದ.

"ನಿನ್ನ ಗಡಿಯಾರ ಹಿಂದ ಬೀಳಾಕತ್ತದಲ್ಲೋ. ದಿನಾ ಎರಡು ಹೊತ್ತು ತಿರುವಿ ತಿರುವಿ ಬೆರಳು ಸವದು ಹೋದ್ವು."

ಬೆಸುಗೆಯ ಕಡ್ಡಿ ಅವನ ಕೈಯಲ್ಲಿ ಹಾಗೇ ನಿಂತಿತು. "ತಿರುವ್ತೀಯಾ? ದಿನಾ?"

"ದಿನಾ. ಮುಂಜಾನಿ ಭೋಂಗಾಕ್ಕ ಒಮ್ಮಿ, ಅಂಗಳಕ್ಕ ಹೋಗೋಕಿಂತ ಮುಂಚೆ ಒಮ್ಮಿ."

"ತಿರುವಬ್ಯಾಡ" ಎಂದ.

"ಯಾಕ?"

ಅವನು ಬಾಯಿ ತೆರೆದ. ಬಸ್ ಸ್ಟ್ಯಾಂಡಿನ ಕಡೆ ನೋಡಿದ. "ತಿರುಪು ಸವೀತದ" ಎಂದು ಹೇಳಿ ರೇಡಿಯೋದೊಳಗೆ ತಲೆ ಹಾಕಿದ.

ಅದೊಂದೇ ಮಾತು. ಇನ್ನೊಂದು ಮಾತು ಅವನ ಬಾಯಿಯವರೆಗೆ ಬಂದು ತಿರುಗಿ ಹೋದದ್ದನ್ನು ನಾನು ನೋಡಿದ್ದೆ. ತಿರುಪು ಸವೆದರೆ ಅವನೇ ಹಾಕಿಕೊಡುತ್ತಾನಲ್ಲ ಎಂದು ಚಹಾ ಕುಡಿದು ಎದ್ದೆ.

ಇಪ್ಪತ್ತೆರಡನೆಯ ದಿನ ಸಾವಕಾರರು ಗಾದಿಯ ಮೇಲೆ ಕೂತು ಲಾರಿಯ ಕೀಲಿ ಕೊಡು ಎಂದರು. ಕೊಟ್ಟೆ. ಅದನ್ನು ತಮ್ಮ ಒರಗುದಿಂಬಿನ ಅಡಿಗೆ ಇಟ್ಟುಕೊಂಡರು.

"ದೇವದುರ್ಗಕ್ಕ ಹೋಗಿ ಬರಾಕ ಎಷ್ಟು ತಾಸು ಗಾಡಿ ಓಡ್ತದ, ಅಯ್ಯಪ್ಪ?"

"ನಾಕು ತಾಸ್ರಿ ಧಣಿ. ರಸ್ತಾ ಕೆಟ್ಟಿದ್ರ ನಾಕೂವರಿ."

"ನಿನ್ನ ಗಾಡಿ ದಿನಾ ಹನ್ನೆರಡು ತಾಸು ಓಡ್ಯಾದ. ಉಳಿದ ಎಂಟು ತಾಸು ಯಾರ ಮಾಲು ಹೊತ್ತಿ?"

ನನಗೆ ಅರ್ಥವಾಗಲಿಲ್ಲ. "ಯಾರು ಹೇಳಿದ್ರಿ?"

"ಹೇಳಬೇಕಾದದ್ದು ಹೇಳ್ಯಾದ."

"ಡೀಸೆಲ್ ನೋಡ್ರಿ ಧಣಿ. ಎಂಟು ತಾಸು ಹೆಚ್ಚಿಗಿ ಓಡಿದ್ರ ಡೀಸೆಲ್ ಎಲ್ಲಿಂದ ಬರ್ತದ?"

ಸಾವಕಾರರು ಗುಮಾಸ್ತರ ಕಡೆ ನೋಡಿದರು. ಗುಮಾಸ್ತರು, "ಅದನ್ನೇ ನಾವೂ ಕೇಳಾಕತ್ತೀವಿ. ಹೊರಗಿನ ಡೀಸೆಲ್ ಹಾಕ್ಕೊಂಡು ರಾತ್ರಿ ಹೊಡ್ಯಾಕತ್ತಿ ಅಂದ್ರ ನೀ ಸಣ್ಣ ಕಳ್ಳಲ್ಲ" ಎಂದರು.

ಕಳ್ಳ. ಹನ್ನೊಂದು ವರ್ಷದಲ್ಲಿ ಒಂದು ಹಿಡಿ ಅರಳೆ ಮನೆಗೆ ಒಯ್ದವನಲ್ಲ. ಬಸ್ಸಮ್ಮ ದೀಪದ ಬತ್ತಿಗೆ ಕೇಳಿದರೂ ಸಂತೆಯಿಂದ ತಂದುಕೊಟ್ಟವನು.  ಮೆಟ್ಟಿಲಿಳಿದು ಮನೆಗೆ ನಡೆದೆ. ಓಣಿಯಲ್ಲಿ ಲಾರಿ ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆಯೊಂದೇ ಇತ್ತು. ನಾಲ್ಕು ದಿನ ಕಳೆದು ಯಮನಮ್ಮ ಶಾಲೆಯಿಂದ ಬಂದವಳೇ, "ಅಪ್ಪಾ, ರಾತ್ರಿ ನೀವು ಎಲ್ಲಿಗಾದ್ರೂ ಲಾರಿ ಒಯ್ತಿದ್ರೇನು?" ಎಂದು ಕೇಳಿದಳು. ಆ ಲಾರಿಯ ಪಕ್ಕದ ಗೋಡೆಯೊಳಗೇ ದಿನಾ ಮಲಗಿದವಳು ಅವಳು.

ಹತ್ತು ದಿನವಾದ ಮೇಲೆ ನನ್ನ ಕಂಬಳಿ, ನೀರಿನ ಚೀಲ ತರಲು ಜಿನ್ನಿನ ಅಂಗಳಕ್ಕೆ ಹೋದೆ. ಅಂದು ಅಮಾವಾಸ್ಯೆ, ಗಾಡಿ ಬಿಡದ ದಿನ, ಸಾವಕಾರರ ಆರೂ ಲಾರಿಗಳು ಸಾಲಾಗಿ ನಿಂತಿದ್ದವು. ನನ್ನ ಲಾರಿ ಕೊನೆಯದು. ಪಕ್ಕದ ಲಾರಿಯ ಡ್ಯಾಶ್‌ಬೋರ್ಡಿನಲ್ಲೂ ಗಡಿಯಾರ ಕಂಡಿತು. ಅದರಾಚೆಯದರಲ್ಲೂ. ಒಂದೊಂದಾಗಿ ಆರೂ ನೋಡಿದೆ. ಯಾವುದಕ್ಕೂ ಸೆಕೆಂಡಿನ ಮುಳ್ಳಿರಲಿಲ್ಲ. ಒಂದರಲ್ಲಿ ಎರಡೂ ಹತ್ತು, ಒಂದರಲ್ಲಿ ಎಂಟೂ ಮುಕ್ಕಾಲು, ಒಂದರಲ್ಲಿ ಹನ್ನೊಂದು. ಆರು ಲಾರಿ, ಆರು ವೇಳೆ. ಗಡಿಯಾರದ ಕೆಲಸ ವೇಳೆ ತೋರಿಸುವುದಾಗಿದ್ದರೆ ಯಾರಾದರೂ ಒಬ್ಬರು ಸರಿಮಾಡುತ್ತಿದ್ದರು. ಅಲ್ಲಿ ನಿಂತೇ ಇದ್ದೆ. ಬಹಳ ಹೊತ್ತು ನಿಂತರೂ ಯಾವ ಮುಳ್ಳೂ ಸರಿಯಲಿಲ್ಲ.

ಹಳದಿ ವೈರು ನೆನಪಾಯಿತು. ಡೈನಮೊ ತಿರುಗುವುದು ಎಂಜಿನ್ ಓಡಿದಾಗ ಮಾತ್ರ. ಇದು ಲಾರಿ ಓಡಿದಷ್ಟು ಹೊತ್ತು ಓಡಿ, ಲಾರಿ ನಿಂತರೆ ನಿಲ್ಲುವ ಗಡಿಯಾರ. ನಿನ್ನೆ ಸಂಜೆಯಿಂದ ಇಂದು ಸಂಜೆಗೆ ಮುಳ್ಳು ಎಷ್ಟು ಸರಿದಿದೆಯೋ ಲಾರಿ ಅಷ್ಟು ತಾಸು ಓಡಿದೆ ಎಂದು ಗುಮಾಸ್ತರ ಎಣಿಕೆ. ನಾನೋ ದಿನಾ ಮುಳ್ಳು ತಿರುಗಿಸಿ ನಿಜವಾದ ವೇಳೆ ಇಟ್ಟಿದ್ದೆ. ಸೋಮವಾರ ಸಂಜೆ ಐದೂ ನಲವತ್ತು ಕಂಡವರಿಗೆ ಮಂಗಳವಾರ ಸಂಜೆ ಆರು ಕಂಡಿತ್ತು. ಇಪ್ಪತ್ತೇ ನಿಮಿಷದಲ್ಲಿ ದೇವದುರ್ಗಕ್ಕೆ ಹೋಗಿ ಬರಲು ಆಗದು, ಆದ್ದರಿಂದ ಮುಳ್ಳು ಒಂದು ಸುತ್ತು ಪೂರ್ತಿ ಹಾಕಿ ಬಂದಿದೆ, ಹನ್ನೆರಡು ತಾಸು ಇಪ್ಪತ್ತು ನಿಮಿಷ ಎಂದು ಅವರು ಬರೆದುಕೊಂಡಿದ್ದರು. ತಮ್ಮ ಕೈಯ ವಾಚಿನಲ್ಲೂ ಅದೇ ಆರು ಗಂಟೆಯಾಗಿತ್ತೆಂದು ಅವರು ನೋಡಿಕೊಳ್ಳಲಿಲ್ಲ.

ಸಾವಕಾರರ ಮೇಲೆ ಸಿಟ್ಟು ಬಂದಿತು, ನಿಜ. ಸಾವಕಾರರೆಂದರೆ ಆಳಿನ ಮೇಲೆ ಕಣ್ಣಿಟ್ಟು ಕಾಯುವವರೇ. ಆದರೆ ನನ್ನ ತಲೆಯಲ್ಲಿ ತಿರುಗಿದ್ದು ಬೇರೆ. ತಿರುವ್ತೀಯಾ? ದಿನಾ?

ಕಂಬಳಿ, ಚೀಲ ಅಲ್ಲೇ ಬಿಟ್ಟು ಸಿಕ್ಕ ಮೊದಲ ಬಸ್ಸಿಗೆ ಮಾನ್ವಿಗೆ ಹೋದೆ. ಬಂದೇನವಾಜ್ ನನ್ನನ್ನು ಕಂಡು ಸ್ಟೂಲು ಒರೆಸಿದ. ನಾನು ಕೂರಲಿಲ್ಲ.

"ನಿನಗ ಗೊತ್ತಿತ್ತು."

"ಬೈಠೋ ಅಯ್ಯಪ್ಪಣ್ಣ. ಚಹಾ ತರಸ್ತೀನಿ."

"ಗಡಿಯಾರ ಏನು ಅಂತ ನಿನಗ ಗೊತ್ತಿತ್ತು. ನಾ ತಿರುವಾಕತ್ತೀನಿ ಅಂತಾನೂ ಗೊತ್ತಿತ್ತು. ನಾಕು ಸಲ ಹೇಳೀನಿ."

"ನಾ ನಿನಗ ಸುಳ್ಳು ಹೇಳಿಲ್ಲ."

"ಏನು ಹೇಳೀ ಮತ್ತ?"

ಅವನು ನೆಲ ನೋಡಿದ. "ಏನೂ ಹೇಳಿಲ್ಲ. ಡ್ರೈವರಗ ಹೇಳಿದಿ ಅಂದ್ರ ಉಳಿದ ಐದು ಗಾಡಿ ಕೆಲಸ ಕೊಡಂಗಿಲ್ಲ ಅಂದಿದ್ರು. ಹೆಂಗಾದ್ರೂ ಸರಿ ಹೋಗ್ತದ ಅನಕೊಂಡೆ. ನಾಕು ದಿನ ತಿರುವಿ ಬ್ಯಾಸರಾಗಿ ಬಿಡ್ತಾನ ಅನಕೊಂಡೆ. ನೀ ಹಿಂಗ ಬಿಡದಂಗ ತಿರುವ್ತಿ ಅಂತ ಯಾರಿಗೆ ಗೊತ್ತು?"

"ಹತ್ತು ವರ್ಷ ನೋಡೀಯಲ್ಲೋ. ನಿನಗೇ ಗೊತ್ತು."

ಅವನು ಒರೆಸಿದ ಸ್ಟೂಲನ್ನೇ ಮತ್ತೆ ಒರೆಸಿದ. ಹೊರಗೆ ಸಿಂಧನೂರಿನ ಬಸ್ಸಿನವನು ಊರ ಹೆಸರು ಕೂಗುತ್ತಿದ್ದ.

"ನೀ ಬಂದು ಒಂದು ಮಾತು ಹೇಳು" ಎಂದೆ. "ಮುಳ್ಳು ತಿರುವಾಕ ಬರ್ತದ, ಅಯ್ಯಪ್ಪ ತಿರುವ್ಯಾನ ಅಂತ. ಅಷ್ಟ. ನನಗ ನನ್ನ ಸೀಟು ಬೇಕು. ಕಳ್ಳ ಅಂತ ಕರಸ್ಕೊಂಡು ಮಗಳ ಮುಂದ ಉಣ್ಣಾಕ ಆಗವಲ್ದು."

"ಬರ್ತೀನಿ. ಸೋಮವಾರ ಬರ್ತೀನಿ. ಖುದಾಕಿ ಕಸಮ್."

ನಾನು ಆಣೆ ಕೇಳಿರಲಿಲ್ಲ. ಅವನಾಗಿಯೇ ಇಟ್ಟ. ಅದಕ್ಕೇ ನಂಬಿದೆ.

ಸೋಮವಾರ ನಾನು ಅಂಗಳಕ್ಕೆ ಹೋಗುವಷ್ಟರಲ್ಲಿ ಅವನು ಬಂದಾಗಿತ್ತು. ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು ಸಾವಕಾರರ ಪಕ್ಕ ನಿಂತಿದ್ದ. ನಾನು ನಡೆದದ್ದನ್ನೆಲ್ಲ ಹೇಳಿದೆ. ಭೋಂಗಾ, ಚಹಾದಂಗಡಿ, ಎರಡು ಹೊತ್ತು ತಿರುವಿದ್ದು. ಸಾವಕಾರರು ನಡುವೆ ಬಾಯಿ ಹಾಕದೆ ಕೇಳಿದರು. ಕೇಳಿ ಮುಗಿದ ಮೇಲೆ ಬಂದೇನವಾಜನ ಕಡೆ ತಿರುಗಿದರು.

"ಏನಪಾ, ಡ್ರೈವರಗ ಮುಳ್ಳು ತಿರುವಾಕ ಬರೋ ಹಂಗಿದ್ರ ನೀ ಹಾಕಿದ ಆರೂ ಗಡಿಯಾರ ದಂಡ. ಆರೂ ಬಿಚ್ಕೊಂಡು ಹೋಗಬೇಕು ನೀನು. ತಿರುವಾಕ ಬರ್ತದೇನು?"

ಬಂದೇನವಾಜ್ ಚೀಲದ ಪಟ್ಟಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡ.

"ಬರಂಗಿಲ್ರಿ" ಎಂದ.

ನಾನು ಅವನ ಮುಖ ನೋಡಲಿಲ್ಲ. ಸೀದಾ ನನ್ನ ಲಾರಿಗೆ ಹೋದೆ, ಬಾಗಿಲು ತೆಗೆದೆ, ಎಲ್ಲರೂ ನೋಡುವಂತೆ ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿದೆ. ಇಪ್ಪತ್ತೆರಡು ದಿನ ಹಿಡಿದ ತಿರುಪು, ಕತ್ತಲಲ್ಲೂ ಬೆರಳಿಗೆ ದಾರಿ ಗೊತ್ತು. ಬೆರಳಿಗೆ ಏನೂ ಸಿಗಲಿಲ್ಲ. ಬಗ್ಗಿ ನೋಡಿದೆ. ತಿರುಪನ್ನು ಬುಡಕ್ಕೇ ಕತ್ತರಿಸಲಾಗಿತ್ತು. ಕತ್ತರಿಸಿದ ಜಾಗ ಇನ್ನೂ ಬೆಳ್ಳಗಿತ್ತು, ಧೂಳು ಕೂತಿರಲಿಲ್ಲ. ಕೆಳಗೆ ನನ್ನ ಸೀಟಿನ ಮೇಲೆ ಜೋಳದ ಕಾಳಿನಷ್ಟು ಕರಿ ಚೂರು ಬಿದ್ದಿತ್ತು. ಅದನ್ನು ಎತ್ತಿಕೊಂಡು ಸಾವಕಾರರಿಗೆ ತೋರಿಸಬಹುದಿತ್ತು. ಯಾರು ಕತ್ತರಿಸಿದರೆಂದು ಹೇಳಬಹುದಿತ್ತು. ಕತ್ತರಿಸಿದವನು ನಾನೇ ಎಂದೂ ಅವರು ಹೇಳಬಹುದಿತ್ತು.

ಕಂಬಳಿ ಮತ್ತು ನೀರಿನ ಚೀಲ ತೆಗೆದುಕೊಂಡು ಇಳಿದೆ. ಬಂದೇನವಾಜನ ಪಕ್ಕದಿಂದಲೇ ದಾರಿ. "ಅಯ್ಯಪ್ಪಣ್ಣ" ಎಂದ, ಬಹಳ ಸಣ್ಣ ದನಿಯಲ್ಲಿ. ನಾನು ನಿಲ್ಲಲಿಲ್ಲ.

ರಾಯಚೂರಿನಲ್ಲಿ ಲಾರಿ ಇಟ್ಟವರೆಲ್ಲ ಒಬ್ಬರಿಗೊಬ್ಬರು ಗೊತ್ತಿದ್ದವರು. ಯಾರೂ ಕೀಲಿ ಕೊಡಲಿಲ್ಲ. ಕೊನೆಗೆ ಹಿರೇಕೊಟ್ನೆಕಲ್ಲಿನ ರೈತರೊಬ್ಬರ ಟ್ರ್ಯಾಕ್ಟರಿಗೆ ಸೇರಿದೆ. ಅಲ್ಲೇ ಕೊಟ್ಟಿಗೆಯ ಪಕ್ಕ ಮಲಗುವುದು, ಐತವಾರಕ್ಕೊಮ್ಮೆ ಮನೆಗೆ. ಯಮನಮ್ಮ ಹತ್ತನೆಯ ಇಯತ್ತೆಗೆ ಹೋದಳು. ಅವಳ ಓದು ನಾನು ವಾರಕ್ಕೊಂದು ದಿನ ನೋಡುತ್ತಿದ್ದೆ. ಬಸ್ಸಮ್ಮ ಜಿನ್ನಿನಲ್ಲಿ ಹತ್ತಿ ಆರಿಸಲು ಹೋಗತೊಡಗಿದಳು, ಸಾವಕಾರರದ್ದಲ್ಲ, ಬೇರೆ ಜಿನ್ನು.

ಮುಂದಿನ ಹಂಗಾಮಿನಲ್ಲಿ ಒಂದು ಮಧ್ಯಾಹ್ನ ನೀರಮಾನ್ವಿಯ ಹತ್ತಿರ ಬೇವಿನ ನೆರಳಿಗೆ ಟ್ರ್ಯಾಕ್ಟರ್ ನಿಲ್ಲಿಸಿ ರೊಟ್ಟಿ ಬಿಚ್ಚಿದ್ದೆ. ಎದುರಿನಿಂದ ಬಂದ ಲಾರಿಯೊಂದು ನಿಂತಿತು. ಸಪ್ಪಳದಿಂದಲೇ ಗುರುತು ಸಿಕ್ಕಿತು, ನನ್ನದೇ. ಹೊಸ ಡ್ರೈವರ್ ಮಲಂಗಸಾಬ ಕೆಳಗಿಳಿದು ರೇಡಿಯೇಟರಿಗೆ ನೀರು ಹಾಕಿದ.

"ಬರ್ರಿ ಅಯ್ಯಪ್ಪಣ್ಣ, ಹತ್ತಿ ನೋಡ್ರಿ. ನಿಮ್ಮ ಗಾಡಿ. ಸೀಟು ನನ್ನ ಅಳತಿಗೆ ಇನ್ನೂ ಬಂದಿಲ್ಲ, ನಿಮ್ಮ ಕುಂಡಿ ಬಿಡವಲ್ದು."

ಹತ್ತಲಿಲ್ಲ. ಕಿಟಕಿಯಿಂದ ನೋಡಿದೆ. ಬಿಸಿಲು ನೆತ್ತಿಯ ಮೇಲಿತ್ತು, ಗಡಿಯಾರದಲ್ಲಿ ನಾಲ್ಕೂ ಕಾಲು.  ನನಗೆ ಯಾರೂ ಹೇಳದ ಮಾತನ್ನು ಇವನಿಗಾದರೂ ಹೇಳಬೇಕು ಅನಿಸಿತು.

"ಮಲಂಗಸಾಬ, ಆ ಗಡಿಯಾರಕ್ಕ ಏನೂ ಮಾಡಬ್ಯಾಡ. ಅದು ವ್ಯಾಳ್ಯಾ ತೋರಸೋದಲ್ಲ."

ಅವನು ನಕ್ಕ. "ಗೊತ್ತದ ಬಿಡ್ರಿ. ಬಂದೇನವಾಜ್ ಕಾಕಾ ಮೊದ್ಲ ದಿನಾನ ಹೇಳ್ಯಾನ. ಆರೂ ಮಂದಿಗೆ ಒಬ್ಬೊಬ್ಬರಿಗೆ ಕರದು ಹೇಳ್ಯಾನ. ಹಳದಿ ವೈರು ಎಲ್ಲದ, ಬೇಕಾದಾಗ ಗಡಿಯಾರ ನಿಲ್ಸಾಕ ಅದನ್ನ ಹೆಂಗ ಬಿಚ್ಚಬೇಕು ಅಂತಾನೂ ತೋರಸ್ಯಾನ."

ನನ್ನ ಕೈಯಲ್ಲಿ ರೊಟ್ಟಿಯ ತುಣುಕು ಹಾಗೇ ಇತ್ತು. "ಯಾವಾಗ ಹೇಳಿದ?"

"ನಿಮ್ಮನ್ನ ಬಿಡಿಸಿದ ಮ್ಯಾಲೆ. ನಿಮ್ಮ ಹೆಸರು ತಗೊಂಡೇ ಹೇಳಿದ. ಅಯ್ಯಪ್ಪಣ್ಣ ದೇವರಂಥ ಮನಷ್ಯಾ, ಅವಗಾದಂಗ ನಿಮಗ ಆಗಬಾರದು ಅಂದು ಅತ್ತ ನೋಡ್ರಿ."

"ಅಂದ್ರ ನಾ ಕಳ್ಳಲ್ಲ ಅಂತ ನಿಮಗೆಲ್ಲ ಗೊತ್ತದ."

"ಎಲ್ಲಾರಿಗೂ ಗೊತ್ತದ."

"ಸಾವಕಾರಗ ಯಾರರ ಹೇಳಿರೇನು?"

ಮಲಂಗಸಾಬ ನೀರಿನ ಡಬ್ಬಿಯನ್ನು ಸೀಟಿನ ಕೆಳಗೆ ತಳ್ಳಿ, ಹತ್ತಿ ಕೂತ. 

"ಹೇಳಿದ್ರ ನಾವೂ ಇಳೀಬೇಕಾಗ್ತದಲ್ಲಣ್ಣ" ಎಂದ.

ಅವನು ಲಾರಿ ಶುರು ಮಾಡಿದ. ಯಲ್ಲಮ್ಮನಿಗೆ ಎರಡು ಹಾರ್ನ್ ಹೊಡೆದ. ಎಂಜಿನ್ ಓಡತೊಡಗಿದ್ದರಿಂದ ಗಡಿಯಾರವೂ ಓಡತೊಡಗಿರಬೇಕು. ನಾನು ಕಿಟಕಿಯ ಕಡೆ ನೋಡುತ್ತಿದ್ದೆ. ಸೆಕೆಂಡಿನ ಮುಳ್ಳಿರಲಿಲ್ಲವಾದ್ದರಿಂದ ಏನೂ ಕಾಣಲಿಲ್ಲ.